ನೇರ ಹೋಗುವ ಗುಂಡು

ಶಿವಪ್ರಕಾಶ ಸ್ನಾನಕ್ಕೆ ಹೋದದ್ದೇ ತಡ, ಬೃಂದಾ ಗಂಡನ ನೋಟ್‌ಬುಕ್ ತೆರೆದಳು. ನೀರಿನ ಸದ್ದು ನಿಲ್ಲುವ ಮೊದಲು ಮುಚ್ಚಿಡಬೇಕು.

'ಜಿಂಕೆ. ಇನ್ನೂರೈವತ್ತು ಗಜ ದೂರ. ಗುಂಡು ಎಷ್ಟು ಕೆಳಗಿಳಿಯುತ್ತದೆ?' ಅದರಡಿ ರೈಫಲ್ಲಿಗೆ ಹಾಕುವ ಮೂರು ಬಗೆಯ ತೋಟಾಗಳ ಹೆಸರು: .243, 6.5 ಕ್ರೀಡ್‌ಮೋರ್, .270. ಎರಡನ್ನು ಹೊಡೆದುಹಾಕಿ ಮೊದಲನೆಯದಕ್ಕೆ ಕೆಂಪು ಗುರುತು ಹಾಕಿದ್ದ. 'ಇದೇ. ಹೆಚ್ಚು ಬಾಗದೆ ನೇರ ಹೋಗುತ್ತದೆ. ಭುಜಕ್ಕೆ ಒದೆತ ಕಮ್ಮಿ. ಒಂದೇ ಏಟು, ನರಳಾಟ ಇರಬಾರದು.'

ಕೊನೆಯ ಮಾತನ್ನು ಅವಳು ಮತ್ತೊಮ್ಮೆ ಓದಿದಳು. ಯಾವ ಜಿಂಕೆ? ಈ ಪರದೇಶದಲ್ಲಿ, ಕೊಲಿಂಡೇಲಿನ ಆರನೇ ಮಹಡಿಯ ಫ್ಲ್ಯಾಟಿನಲ್ಲಿ ಜೇಡ ಕಂಡರೂ ಕಾಗದದ ಮೇಲೆ ಹತ್ತಿಸಿಕೊಂಡು, ಲಿಫ್ಟಿನಲ್ಲಿ ಇಳಿದು, ಹುಲ್ಲಿಗೆ ಬಿಟ್ಟುಬರುವ ಪುಣ್ಯಾತ್ಮ ಇವನು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟಿದವನಲ್ಲ.

ಕೆಲಸ ಹೋಗಿ ಐವತ್ತು ದಿನ. ಇನ್ನು ಹತ್ತು ದಿನದಲ್ಲಿ ವೀಸಾ ಕೊಡಿಸುವ ಕಂಪನಿ ಸಿಗದಿದ್ದರೆ ದೇಶ ಬಿಡಬೇಕು. ಎರಡು ಸಲ 'ಸಿಕ್ಕಿತು' ಎಂದು ಮೈಸೂರಿಗೆಲ್ಲ ಫೋನ್ ಮಾಡಿದ್ದ. ಎರಡೂ ಕೈತಪ್ಪಿದ ಮೇಲೆ ಬಾಯಿ ಹೊಲಿದುಕೊಂಡಿದ್ದ. ಊಟವಿಲ್ಲ, ನಿದ್ದೆಯಿಲ್ಲ. ನಿನ್ನೆ ಏನಾಯಿತೆಂದು ಕೇಳಿದ್ದಕ್ಕೆ ಮುಖ ತಪ್ಪಿಸಿ, "ಇನ್ನೊಂದು ವಾರ ಅಷ್ಟೇ ಕಣೆ. ಆಮೇಲೆ ನಿಂಗೆ ನನ್ನ ಚಿಂತೆ ಇರಲ್ಲ" ಎಂದಿದ್ದ.

ನೋಟ್‌ಬುಕ್ಕಿನಿಂದ ಚೀಟಿಯೊಂದು ಜಾರಿತು. ಬಂದೂಕು ಬಳಸಲು ಒಪ್ಪಿಗೆ ಕೋರಿದ ಅರ್ಜಿ ತಲುಪಿದೆ, ನಿಮ್ಮ ಮನಸ್ಸಿನ ಆರೋಗ್ಯದ ಬಗ್ಗೆ ನಿಮ್ಮ ಮನೆವೈದ್ಯರನ್ನು, ಅಂದರೆ ಜಿಪಿಯನ್ನು, ವಿಚಾರಿಸುತ್ತೇವೆ ಎಂದು ಪೊಲೀಸರು ಬರೆದಿದ್ದರು. ಬೃಂದಾಳಿಗೆ ಅಷ್ಟು ಸಾಕಾಯಿತು.

ಹತ್ತು ಗಂಟೆಗೆಲ್ಲ ಅವಳು ತಮ್ಮ ಜಿಪಿ, ಧಾರವಾಡದ ಡಾಕ್ಟರ್ ಅಮೂಲ್ಯಾ ಅವರೆದುರು ಕೂತಿದ್ದಳು. ಎಲ್ಲವನ್ನೂ ಹೇಳಿದಳು. ಡಾಕ್ಟರ್ ಕಂಪ್ಯೂಟರಿನಲ್ಲಿ ಶಿವಪ್ರಕಾಶನ ಕಡತ ತೆರೆದರು.

"ಪೊಲೀಸ್ರ ಪತ್ರ ಬಂದದರೀ. ನಾ ಇನ್ನೂ ಉತ್ತರ ಕೊಟ್ಟಿಲ್ಲ. ಆದ್ರ ನೀವು ಹೇಳಿದ್ದನ್ನ ಒಮ್ಮೆ ಬರದ್ನೆಂದ್ರ ತಿರುಗಿ ಅಳಸಾಕ ಬರಂಗಿಲ್ಲ. ಮನ್ಯಾಗ ಒಂದ್ಸಲ ಕೇಳಿ ನೋಡ್ತೀರೇನು?"

"ಕೇಳಿದ್ರೆ ಹೇಳಲ್ಲ ಡಾಕ್ಟ್ರೇ. ನಂಗೆ ಗೊತ್ತಾಯ್ತು ಅಂದ್ರೆ ಬೇರೆ ದಾರಿ ಹುಡುಕ್ತಾರೆ. ಬರೀರಿ. ಈ ದೇಶ ಹೋದ್ರೆ ಹೋಗ್ಲಿ, ಅವ್ರು ಉಳಿದ್ರೆ ಸಾಕು."

ಇವರ ಕೈಗೆ ಬಂದೂಕು ಕೊಡುವುದು ಕ್ಷೇಮವಲ್ಲ ಎಂದು ಡಾಕ್ಟರ್ ಪೊಲೀಸರಿಗೆ ಬರೆದು, ಅವಳೆದುರೇ ಕಳಿಸಿದರು. ಬೃಂದಾ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು ಮನಸಾರೆ ಅತ್ತಳು. ಗಂಡನ ಬೆನ್ನ ಹಿಂದೆ ಹೀಗೆ ಮಾಡಿದೆನಲ್ಲ ಎಂಬ ಸಂಕಟವಿತ್ತು. ಆದರೂ ಜೀವ ಉಳಿಯಿತು ಎಂದುಕೊಂಡು ಮನೆಗೆ ಬಂದಳು.

ಸಂಜೆ ಶಿವಪ್ರಕಾಶ ಮೈಸೂರುಪಾಕಿನ ಡಬ್ಬಿ ಹಿಡಿದು ಒಳಗೆ ಬಂದ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ನಗು ಇತ್ತು.

"ಆಗೋ ಮುಂಚೆ ಬಾಯ್ಬಿಟ್ರೆ ದೃಷ್ಟಿ ತಾಗುತ್ತೆ ಅಂತ ಈ ಸಲ ನಿಂಗೂ ಹೇಳಿರಲಿಲ್ಲ," ಎನ್ನುತ್ತ ಒಂದು ತುಂಡನ್ನು ಅವಳ ಬಾಯಿಗಿಟ್ಟ. "ಸ್ಟ್ರಾಟ್‌ಫರ್ಡಲ್ಲೊಂದು ಕಂಪನಿ. ಜಿಂಕೆ ಬೇಟೆಯವ್ರಿಗೆ ಯಾವ ತೋಟಾ ಆರಿಸ್ಬೇಕು ಅಂತ ಹೇಳೋ ಆ್ಯಪ್ ಮಾಡ್ತಾರೆ. ಇಂಟರ್‌ವ್ಯೂನಲ್ಲಿ ಅದನ್ನೇ ಕೇಳಿದ್ರು. ಕೆಲಸ, ವೀಸಾ ಎರಡೂ ಕೊಡ್ತಾರೆ."

ಬೃಂದಾ ಬಾಯಲ್ಲಿದ್ದ ತುಂಡನ್ನು ಅಂಗೈಗೆ ತೆಗೆದಳು. ಅವನು ಮುಂದುವರಿಸಿದ:

"ಅಲ್ಲಿ ಬಂದೂಕು ಹಿಡಿದು ಪರೀಕ್ಷೆ ಮಾಡ್ಬೇಕಲ್ಲ, ಅದಕ್ಕೆ ಪೊಲೀಸ್ರು ಒಪ್ಕೊಂಡ್ರೇನೇ ಕೆಲಸ. ಅರ್ಜಿ ಆಗ್ಲೇ ಹಾಕಿದೀನಿ. ಬಾಕಿ ಇರೋದು ನಮ್ಮ ಅಮೂಲ್ಯಾ ಡಾಕ್ಟ್ರ ಒಂದು ಮಾತು, ಅಷ್ಟೇ."