ಕಿವಿ ಹರಿದ ಚಿರತೆ

ಹೆಂಗಸು ಸೆರಗಿನ ಮರೆಯಲ್ಲಿ ಏನನ್ನೋ ಬಚ್ಚಿಟ್ಟುಕೊಂಡಿದ್ದಾಳೆಂದು ಚೆನ್ನಕೇಶವನಿಗೆ ಗೊತ್ತಾದದ್ದು ವ್ಯಾನು ಒಳಗೇಟು ದಾಟಿದ ಮೇಲೆ. ಅಲ್ಲಿಂದಾಚೆ ಯಾರನ್ನೂ ಇಳಿಸುವಂತಿಲ್ಲ. ದಾರಿ ಕಿರಿದು, ವ್ಯಾನು ತಿರುಗಿಸುವಂತೆಯೂ ಇಲ್ಲ.

ಹಿಂದೂಪುರದ ಹೊರಗಿನ ಈ ಬೇಲಿ ಕಾಡಿನಲ್ಲಿ ಅವನು ಸಫಾರಿ ವ್ಯಾನಿನ ಡ್ರೈವರ್. ಮಕ್ಕಳು ಮರಿ ಕಟ್ಟಿಕೊಂಡು ಚಕ್ಕುಲಿ ಮೆಲ್ಲುತ್ತ ಬರುವವರನ್ನು ಸಾಕಷ್ಟು ಕಂಡಿದ್ದ. ಹಳ್ಳಿಯ ಹೆಂಗಸೊಬ್ಬಳು ಒಂಟಿಯಾಗಿ ಟಿಕೆಟ್ ತೆಗೆದುಕೊಂಡು ಹತ್ತಿದ್ದು ಇದೇ ಮೊದಲು. ಗೇಟಿನ ಗಾರ್ಡು ಗಿರಿಯಪ್ಪನೂ ಹುಬ್ಬೇರಿಸಿದ್ದ.

"ಒಬ್ಬಳೇನಾ ಅಮ್ಮಾ? ಜೊತೆಗೆ ಎವರೂ ರಾಲೇದಾ?"

"ಇಲ್ಲ ಕಣಪ್ಪ. ಒಬ್ಳೇ ಬಂದೆ. ಕಲ್ಯಾಣದುರ್ಗದ ಕಡೆಯೋಳು."

"ಮೊದಲನೇ ಸಲ ಏನು? ಜಿಂಕೆ ಅವೆ, ಕರಡಿ ಅವೆ. ಏನ್ ನೋಡ್ಬೇಕು?"

"ಕಿವಿ ಹರಿದಿರೋ ಚಿರತೆ."

ಗಿರಿಯಪ್ಪ ನಕ್ಕಿದ್ದ. ಚೆನ್ನಕೇಶವನಿಗೆ ನಗು ಬರಲಿಲ್ಲ. ಈ ಮುಖ ಅವನಿಗೆ ಗೊತ್ತಿತ್ತು.

ಹೋದ ವರ್ಷ ಆ ಚಿರತೆ ಕಲ್ಯಾಣದುರ್ಗದ ಹತ್ತಿರದ ಕಡಲೆಕಾಯಿ ಹೊಲದಿಂದ ಈರಕ್ಕನೆಂಬ ಪುಟ್ಟ ಹುಡುಗಿಯೊಬ್ಬಳನ್ನು ಎತ್ತಿಕೊಂಡು ಹೋಗಿತ್ತು. ಊರೆಲ್ಲ ಸೇರಿ ಗುಡ್ಡ ಜಾಲಾಡಿದರೂ ಹುಡುಗಿಯ ಲಂಗದ ಚೂರೂ ಸಿಕ್ಕಿರಲಿಲ್ಲ. ಚಿರತೆ ಬೋನಿಗೆ ಬಿದ್ದಾಗ ಅದನ್ನು ತರಲು ಹೋದವನು ಚೆನ್ನಕೇಶವನೇ. ಜನ ಕಲ್ಲು ಹಿಡಿದು ಬೋನನ್ನು ಸುತ್ತುಗಟ್ಟಿದ್ದರು. ಹುಡುಗಿಯ ತಾಯಿ ಉಡುಸಲಮ್ಮ ಮಾತ್ರ ಒಬ್ಬೊಬ್ಬರ ಕೈ ಹಿಡಿದು ತಡೆಯುತ್ತಿದ್ದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಅದರ ಲೆಕ್ಕ ತಾನೇ ಚುಕ್ತಾ ಮಾಡಬೇಕೆಂದು ಕಾದಿರಿಸಿಕೊಂಡಿದ್ದಾಳೆ ಎಂದು ಅವನಿಗೆ ಅವತ್ತೇ ಅನ್ನಿಸಿತ್ತು.

ಈಗ ಅದೇ ಉಡುಸಲಮ್ಮ ಅವನ ಬೆನ್ನ ಹಿಂದೆ, ಖಾಲಿ ವ್ಯಾನಿನಲ್ಲಿ ಒಬ್ಬಳೇ, ಕಿಟಕಿಯ ಜಾಲರಿಗೆ ಒತ್ತಿಕೊಂಡು ಕೂತಿದ್ದಳು. ಜಿಂಕೆ ಹಿಂಡು ಅಡ್ಡ ಬಂದರೂ ಕಣ್ಣು ಹೊರಳಿಸಲಿಲ್ಲ.

ಕಳೆದ ತಿಂಗಳು ಯಾರೋ ಬೇಲಿಯಾಚೆಯಿಂದ ಎಂಡ್ರಿನ್ ವಿಷ ಸವರಿದ ಕೋಳಿ ಎಸೆದು ಎರಡು ನರಿ ಸತ್ತಿದ್ದವು. ಇನ್ನೊಂದು ಪ್ರಾಣಿ ಸತ್ತರೆ ನೀನು ಮನೆಗೆ ಹೋಗು ಎಂದು ಸಾಹೇಬರು ಚೆನ್ನಕೇಶವನಿಗೆ ಹೇಳಿಬಿಟ್ಟಿದ್ದರು. ಕೆಲಸದ ಮಾತು ಹಾಗಿರಲಿ, ಬಂದಾಗ ನಿಲ್ಲಲಾರದೆ ಬಿದ್ದಿದ್ದ ಆ ಚಿರತೆಗೆ ನೀರಿಟ್ಟು, ಗಾಯಕ್ಕೆ ಔಷಧಿ ಹಾಕುವವರಿಗೆ ದೀಪ ಹಿಡಿದವನು ಅವನು. ಈಚೆಗಷ್ಟೇ ಅದನ್ನು ಬೋನಿನಿಂದ ಈ ಬೇಲಿಯೊಳಗಿನ ಬಯಲಿಗೆ ಬಿಟ್ಟಿದ್ದರು. ಅದು ಸಾಯುವುದು ಅವನಿಗೆ ಬೇಕಿರಲಿಲ್ಲ.

ವ್ಯಾನು ನಿಲ್ಲಿಸಿ ತಿರುಗಿ ನೋಡಿದ.

"ಸೆರಗಿನಾಗೆ ಏನಮ್ಮ ಅದು?"

ಅವಳು ಮುಚ್ಚಿಡಲು ಹೋಗಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿದ ಹಿತ್ತಾಳೆ ಚೊಂಬು. "ಹಾಲು."

"ಯಾರಿಗೆ?"

ಅವಳು ಗದ್ದವೆತ್ತಿ ಪೊದೆಗಳ ಕಡೆ ತೋರಿಸಿದಳು.

"ಹಂಗಾದ್ರೆ ನೀನೇ ಒಂದ್ ಗುಟುಕು ಕುಡಿ, ನೋಡಾನ."

"ಇದು ನಾವು ಕುಡಿಯೋದಲ್ಲ ಕಣಪ್ಪ."

ದನಿಯಲ್ಲಿ ಸಿಟ್ಟಿಲ್ಲ, ಅಂಜಿಕೆಯಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳುವಷ್ಟು ಸಪ್ಪೆಯಾಗಿ ಹೇಳಿದ್ದಳು.

"ಮನೇಲಿ ಹೇಳಿ ಬಂದೀಯಾ?"

"ಹೇಳ್ದೆ. ವರ್ಷ ಆಯ್ತು, ಬುಟ್ಬುಡು ಅಂದ್ರು. ಹೆಂಗ್ ಬುಡ್ಲಿ? ಮಾಡೋದು ಮಾಡ್ಬೇಕಲ್ಲ."

ಇನ್ನು ಮಾತು ಬೇಡವೆಂದು ಅವನು ಗೇರು ಹಾಕಿದ. ಚಿರತೆ ಮಲಗುವ ಬಂಡೆಯ ಹತ್ತಿರ ನಿಲ್ಲಿಸದೆ ಓಡಿಸಿಬಿಡುವುದು, ಗೇಟಿಗೆ ಹೋದಮೇಲೆ ಪೊಲೀಸರನ್ನು ಕರೆಸುವುದು. ಮನಸ್ಸಿನಲ್ಲಿ ಎಲ್ಲ ಗೊತ್ತುಮಾಡಿಕೊಂಡ.

ಆದರೆ ಚಿರತೆ ಬಂಡೆಯ ಮೇಲಿರಲಿಲ್ಲ. ದಾರಿಯ ನಡುವೆಯೇ ಮಲಗಿತ್ತು.

ಹಾರನ್ ಹೊಡೆದ. ಅದು ಆಕಳಿಸಿತು. ಇಂಜಿನ್ ಗುರುಗುಟ್ಟಿಸಿದ. ಅದು ಎದ್ದು ಮೈಮುರಿದು, ಹರಿದ ಕಿವಿ ಕೊಡವುತ್ತ, ವ್ಯಾನಿನ ನೆರಳಿಗೆ ಬಂದು ಸರಿಯಾಗಿ ಉಡುಸಲಮ್ಮನ ಕಿಟಕಿಯ ಕೆಳಗೆ ಕೂತಿತು.

ಅವಳು ಅದನ್ನೇ ನೋಡಿದಳು. ಹಲ್ಲು ಕಚ್ಚುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದ. ಏನೂ ಇಲ್ಲ. ಬೆರಳುಗಳು ಮಾತ್ರ ಚೊಂಬಿನ ಬಟ್ಟೆ ಬಿಚ್ಚುತ್ತಿದ್ದವು.

ಚೆನ್ನಕೇಶವ ಸೀಟು ಹಾರಿ ಬಂದು ಅವಳ ಮಣಿಕಟ್ಟು ಹಿಡಿದ. ಆಗಲೇ ಚೊಂಬು ವಾಲಿತ್ತು. ಅರ್ಧ ಹಾಲು ಅವನ ಕೈಮೇಲೆ ಹರಿಯಿತು, ಉಳಿದರ್ಧ ಜಾಲರಿಯಿಂದಿಳಿದು ಚಿರತೆಯ ಬೆನ್ನಿನ ಮೇಲೆ ಸುರಿಯಿತು. ಚಿರತೆ ಬೆಚ್ಚಿ ಎದ್ದು, ಅದನ್ನು ಮೂಸಿಯೂ ನೋಡದೆ ಪೊದೆಯೊಳಕ್ಕೆ ನಡೆದುಹೋಯಿತು.

ವಿಷವೆಂದು ಗಾಬರಿಯಾಗಿ ಕೈ ಕೊಡವಿದ. ಜಿಡ್ಡು ಹೋಗಲಿಲ್ಲ. ಮೂಗಿಗೆ ಹಿಡಿದ. ತುಪ್ಪದ ವಾಸನೆ. ಅಪ್ಪ ಸತ್ತ ಮೂರನೇ ದಿನ ಊರಾಚೆಯ ಹಸಿಮಣ್ಣಿನ ಮೇಲೆ ಅವನೇ ಬಿಟ್ಟಿದ್ದ ಹಾಲುತುಪ್ಪದ ವಾಸನೆ.

"ಅಮ್ಮಾ, ಇದನ್ನ ಸಮಾದಿ ಮೇಲಲ್ವಾ ಬುಡೋದು?" ಎಂದ.

"ಅಲ್ಲೇ ಬುಟ್ಟೆ ಕಣಪ್ಪ," ಎಂದಳು ಉಡುಸಲಮ್ಮ, "ನಮ್ಮ ಈರಕ್ಕನ ಸಮಾದಿ ಒಂದ್ ಕಡೆ ಇರಾಕಿಲ್ಲ, ಅಡ್ಡಾಡ್ತಾ ಇರ್ತದೆ."