ಕಲ್ಲುಪ್ಪು ಹೇಳಿದ ಮಳೆ

ಇವತ್ತು ನನ್ನ ಫೋನಿನ ಹವಾಮಾನದಲ್ಲಿ ಬಿಸಿಲಿನ ಚಿತ್ರವಿದೆ, ಆದರೆ ಜಾಡಿಯ ಕಲ್ಲುಪ್ಪು ಒದ್ದೆಯಾಗಿ ಬೆರಳಿಗೆ ಅಂಟುತ್ತಿದೆ.

ನಾನು ಚಿಕ್ಕವಳಿದ್ದಾಗ ಒಂದು ದಿನ, ಗುಬ್ಬಿ ಊರಿನ ಅಜ್ಜಿ-ತಾತನ ಮನೆಯಲ್ಲಿ, ರೇಡಿಯೋ ಒಣ ಹವೆ ಎಂದಿತ್ತು. ಅದನ್ನು ನಂಬಿದ ತಾತ ತಾರಸಿಯ ಮೇಲೆ ನಾಲ್ಕು ಪಂಚೆ ಹಾಸಿ, ಸಂಡಿಗೆ ಇಡಿಸಿ, ಊಟ ಮಾಡಿ ಮಲಗಿದ್ದರು. ಅಜ್ಜಿ ಜಾಡಿಗೆ ಕೈ ಹಾಕಿ, ಉಪ್ಪನ್ನು ನನ್ನ ಅಂಗೈಗೆ ಒತ್ತಿದರು.

"ಗಾಳೀಲಿರೋ ನೀರ್ನ ಉಪ್ಪು ಮೊದ್ಲು ಕುಡಿಯುತ್ತೆ ಕಣೇ. ಮಳೆ ಬರುತ್ತೆ. ಮೂರು ಪಂಚೆ ಎತ್ಕೊಂಡ್ ಬಾ, ಒಂದು ಹಂಗೇ ಬುಡು."

"ಅದ್ಯಾಕಜ್ಜಿ?"

"ತಾತಂಗೆ."

ಮೂರನ್ನು ನಾನು ಒಳಗೆ ತಂದಿಟ್ಟೆ. ಹನಿ ಬಿದ್ದದ್ದೇ ತಾತ ಎದ್ದು ತಾರಸಿಗೆ ಓಡಿದರು. ಪಂಚೆಯನ್ನು ಸಂಡಿಗೆ ಸಮೇತ ಎದೆಗವಚಿಕೊಂಡು, ತೊಯ್ದು ತೊಪ್ಪೆಯಾಗಿ ಇಳಿದರು.

"ನಾನ್ ಎದ್ದಿದ್ದಕ್ಕೆ ಉಳೀತು!"

"ಹೂಂ ಕಣ್ರೀ, ನೀವಿಲ್ದಿದ್ರೆ ಏನ್ ಗತಿ," ಎಂದು ಅಜ್ಜಿ ಆಗಲೇ ಕೈಯಲ್ಲಿದ್ದ ಒಣ ಟವೆಲ್ಲು ಕೊಟ್ಟರು.

ಮಿಕ್ಕ ಮೂರು ಎಲ್ಲಿ ಎಂದು ತಾತ ಕೇಳಲೇ ಇಲ್ಲ.