ಕೊನೆಯ ಕಾಲಂ

ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಸೊಸೆ ತಲೆ ತಗ್ಗಿಸಿದಳು. ತೆರಿಗೆ ಕಚೇರಿಯ ಹಾಲ್‌ನಲ್ಲಿ ಅಡಗಿಕೊಳ್ಳಲು ಜಾಗವಿರಲಿಲ್ಲ. ಆರು ಸಾಲು ಪ್ಲಾಸ್ಟಿಕ್ ಕುರ್ಚಿ, ಒಂದೇ ಬಾಗಿಲು. ಗೋಡೆಯ ಫಲಕದಲ್ಲಿ ಮೂವತ್ತೆಂಟು ಕೆಂಪಗೆ ಮಿನುಗುತ್ತಿತ್ತು. ಅವಳ ಕೈಯ ಟೋಕನ್ ನಲವತ್ತೊಂದು.

ಕಂದು ಸ್ವೆಟರಿನ ಅತ್ತೆ ಮಂಡಿ ಹಿಡಿದುಕೊಂಡು ನಿಧಾನಕ್ಕೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು.

"ಬಾಗಿಲ ಸಂದಿಗೆ ಬೆಂಕಿಪೆಟ್ಟಿಗೆಯ ರಟ್ಟು ಸಿಕ್ಕಿಸಿದ್ದೆಯಲ್ಲ," ಎಂದರು. "ಅದನ್ನ ತೆಗೆದು, ಬಾಗಿಲೆಳೆದುಕೊಂಡು ಬಂದೆ."

ಸೊಸೆ ಗಕ್ಕನೆ ತಲೆಯೆತ್ತಿದಳು. ಎಳೆದರೆ ತಾನೇ ಬೀಗ ಬೀಳುವ ಬಾಗಿಲು ಅದು. ಮನೆಗೆ ಇದ್ದದ್ದು ಎರಡೇ ಕೀ. ಒಂದು ಗಂಡನ ಬಳಿ, ಇನ್ನೊಂದು ಅತ್ತೆಯ ಕೊರಳ ದಾರದಲ್ಲಿ. ಈ ದೇಶಕ್ಕೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಒಂದು ದಿನವೂ ಅವಳು ಒಬ್ಬಳೇ ಹೊರಗೆ ಕಾಲಿಟ್ಟಿರಲಿಲ್ಲ. ಇಟ್ಟರೆ ಮತ್ತೆ ಒಳಗೆ ಹೋಗುವಂತಿರಲಿಲ್ಲ.

ತೆರಿಗೆ ನಂಬರಿನ ಮಾತು ಎತ್ತಿದಾಗ ಗಂಡ ನಕ್ಕಿದ್ದ. "ನಿನಗ್ಯಾಕೆ ಬೇರೆ ನಂಬರು? ನನ್ನ ಫೈಲಲ್ಲಿ ನೀನೂ ಇದ್ದೀಯ, ಅಮ್ಮನೂ ಇದ್ದಾಳೆ." ಎರಡನೇ ಸಲ ಕೇಳಿದಾಗ ನಗಲಿಲ್ಲ. "ಇನ್ನೊಂದು ಸಲ ಈ ಮಾತು ಬಂದರೆ ಟಿಕೆಟ್ ತೆಗೆಸಿ ನಿಮ್ಮಪ್ಪನ ಮನೆಗೆ ಕಳಿಸ್ತೀನಿ." ಎಲ್ಲರ ಪಾಸ್‌ಪೋರ್ಟೂ ಅವನ ಕಪಾಟು ಸೇರಿದವು. ಕೆಲಸಕ್ಕೆ ಹೊರಡುವಾಗ ತಾಯಿಗೆ ದಿನಾ ಒಂದೇ ಮಾತು: "ಇವಳನ್ನ ನೋಡ್ಕೋಮ್ಮ."

"ನಾನಿಲ್ವೇನೋ. ನೀನು ಹೋಗು," ಎನ್ನುತ್ತಿದ್ದರು ಅತ್ತೆ. ಮಧ್ಯಾಹ್ನ ಅವನ ಫೋನ್ ಬಂದರೆ ಅವಳ ಮುಂದೆಯೇ ಹೇಳುತ್ತಿದ್ದರು: "ಮನೇಲೇ ಇದ್ದಾಳೆ."

ಈ ವಾರ ಮಾತ್ರ ಅದೃಷ್ಟ ಸೊಸೆಯ ಕಡೆ ತಿರುಗಿತ್ತು. ಸೋಮವಾರ ಅತ್ತೆ ವಾಕಿಂಗ್ ಮುಗಿಸಿ ತಂದ ಸೊಪ್ಪಿನ ಕಟ್ಟಿಗೆ ಒಂದು ಜಾಹೀರಾತಿನ ಕಾಗದ ಸುತ್ತಿತ್ತು. ಸೇತುವೆ ಕೆಳಗಿನ ಲಾಂಡ್ರಿಯಲ್ಲಿ ಬಟ್ಟೆ ರಿಪೇರಿಗೆ ಹೊಲಿಗೆ ಬಲ್ಲವರು ಬೇಕು. ಶುಕ್ರವಾರ ಕೊನೆಯ ದಿನ. ತೆರಿಗೆ ನಂಬರಿಗೆ ಅರ್ಜಿ ಹಾಕಿದ ಮುದ್ರೆ ಕಡ್ಡಾಯ. ಅತ್ತೆಗೆ ಇಲ್ಲಿನ ಅಕ್ಷರ ಬಾರದು. "ಕಸಕ್ಕೆ ಹಾಕು ಅದನ್ನ," ಎಂದರು. ಮದುವೆಗೆ ಮೊದಲು ನಾಲ್ಕು ವರ್ಷ ಹೊಲಿಗೆ ಮಿಷನ್ ತುಳಿದವಳು ಅದನ್ನು ದಿಂಬಿನೊಳಗಿಟ್ಟಳು.

ಬುಧವಾರ ಅತ್ತೆ ಮಗನ ಪ್ಯಾಂಟನ್ನು ಬಕೆಟ್ಟಿನ ಪಕ್ಕ ಎಸೆದು, "ಜೇಬು ನೋಡಿ ನೆನೆಸು," ಎಂದು ಗೊಣಗಿ ವಾಕಿಂಗಿಗೆ ಹೋದರು. ಜೇಬಿನಲ್ಲಿ ಕಪಾಟಿನ ಕೀ ಇತ್ತು. ಸೊಸೆ ತನ್ನ ಪಾಸ್‌ಪೋರ್ಟ್ ತೆಗೆದುಕೊಂಡಳು. ಕೀಯನ್ನು ಕೈತಪ್ಪಿ ಬಿದ್ದಂತೆ ಗಂಡನ ಮೇಜಿನಡಿ ಇಟ್ಟಳು.

ಇವತ್ತು ಶುಕ್ರವಾರ. ಅತ್ತೆ ಒಂಬತ್ತಕ್ಕೆ ಹೊರಟರೆ ಹನ್ನೆರಡಕ್ಕೆ ಬರುವವರು. ಮಂಡಿಗೆ ನಡಿಗೆ ಒಳ್ಳೆಯದಂತೆ. ಆದರೆ ಬರುವಾಗ ಮಂಡಿ ಇನ್ನಷ್ಟು ಊದಿಕೊಂಡಿರುತ್ತಿತ್ತು, ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ವಯಸ್ಸಾಯಿತು, ಅಂದುಕೊಳ್ಳುತ್ತಿದ್ದಳು ಸೊಸೆ.

"ಅವರಿಗೆ ಹೇಳಿದ್ರಾ ಅತ್ತೆ?"

"ಈಗ ತಾನೇ ಫೋನ್ ಬಂದಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ, ಇಬ್ಬರೂ ಒಟ್ಟಿಗೇ ಇದೀವಿ ಅಂತ."

ಫಲಕ ಮೂವತ್ತೊಂಬತ್ತಕ್ಕೆ ತಿರುಗಿತು.

"ಮನೆಗೆ ಹೋಗಿಬಿಡೋಣ ಅತ್ತೆ."

"ಟೋಕನ್ ತಗೊಂಡಿದ್ದೀಯಲ್ಲ. ಏನಾಗುತ್ತೋ ನೋಡೇ ಹೋಗೋಣ. ಎಲ್ಲಿ, ಆ ಅರ್ಜಿ ಕೊಡು."

ಕೊಡದೆ ವಿಧಿಯಿರಲಿಲ್ಲ. ಅತ್ತೆಯ ಬೆರಳು ಕಾಗದದ ಮೇಲೆ ಜಾರುತ್ತ ಹೋಗಿ ಕೊನೆಯಲ್ಲಿ ನಿಂತಿತು. "ಇದ್ಯಾಕೆ ಖಾಲಿ?"

"ನನ್ನನ್ನ ಆರು ತಿಂಗಳಿಂದ ಬಲ್ಲವರು ಸಹಿ ಹಾಕಬೇಕಂತೆ. ಅವರಿಗೆ ಸ್ವಂತ ನಂಬರಿರಬೇಕಂತೆ."

"ಅಂಥವರು ಯಾರಿದ್ದಾರೆ ನಿನಗೆ?"

"ನಿಮ್ಮ ಮಗ ಒಬ್ಬರೇ."

"ಅವನು ಹಾಕ್ತಾನಾ?"

ಸೊಸೆ ಕೈಯ ಟೋಕನ್ ಮಡಚಿದಳು.

"ಮತ್ಯಾವ ಧೈರ್ಯದ ಮೇಲೆ ಬಂದೆ?"

"ಗುಮಾಸ್ತರು ಗಮನಿಸದೇ ಇರಬಹುದು ಅಂತ..."

ಅತ್ತೆ ಮೂಗಿನಲ್ಲೇ ನಕ್ಕರು. "ಅವರಿಗೆ ಸಂಬಳ ಕೊಡೋದೇ ಖಾಲಿ ಕಾಲಂ ಹುಡುಕೋಕೆ ಕಣೇ."

ನಲವತ್ತೊಂದು.

ಗುಮಾಸ್ತ ಕನ್ನಡಕ ಏರಿಸಿಕೊಂಡು ಪಾಸ್‌ಪೋರ್ಟ್ ನೋಡಿದ, ಮುಖ ನೋಡಿದ, ಅರ್ಜಿಯ ಮೇಲೆ ಪೆನ್ಸಿಲ್ ಆಡಿಸಿದ. ಪೆನ್ಸಿಲ್ ನಿಂತಿತು. ಅರ್ಜಿಯನ್ನು ಗಾಜಿನಡಿಯಿಂದ ವಾಪಸ್ ತಳ್ಳಿದ. "ಪರಿಚಯದವರ ಸಹಿ ಇಲ್ಲ. ಮುಂದಿನವರು ಬನ್ನಿ."

ಎಲ್ಲಾ ಮುಗಿಯಿತು. ಹಿಂದೆ ಬೀಗ ಬಿದ್ದ ಬಾಗಿಲು, ಮುಂದೆ ಸಂಜೆ ಮನೆಗೆ ಬರುವ ಗಂಡ. ಅವಳು ಅರ್ಜಿಗೆ ಕೈ ಚಾಚುವಷ್ಟರಲ್ಲಿ ಅತ್ತೆಯ ಸುಕ್ಕುಬೆರಳು ಅದನ್ನು ಎಳೆದುಕೊಂಡಿತ್ತು. ಹರಿದುಹಾಕುತ್ತಾರೆ, ಅಂದುಕೊಂಡಳು. ಕಣ್ಣು ಮುಚ್ಚಿದಳು.

ಹರಿದ ಸದ್ದು ಬರಲಿಲ್ಲ. ಕೌಂಟರಿಗೆ ದಾರದಲ್ಲಿ ಕಟ್ಟಿದ್ದ ಪೆನ್ನು ಕಾಗದದ ಮೇಲೆ ಕರಕರ ಅಂದಿತು. ಸೊಸೆ ಕಣ್ಣು ಬಿಟ್ಟಳು. ಅತ್ತೆ ಇಲ್ಲಿನ ಭಾಷೆಯಲ್ಲೇ, ಒಂದೊಂದಾಗಿ, ಒಂಬತ್ತು ಅಂಕಿ ಹೇಳಿದರು. ಯಾವ ಚೀಟಿಯನ್ನೂ ನೋಡಲಿಲ್ಲ.

ಗುಮಾಸ್ತ ಕೀಬೋರ್ಡ್ ಒತ್ತಿ ಪರದೆ ನೋಡಿದ. "ನಂಬರು ಸರಿಯಾಗಿದೆ. ತಗೊಂಡು ಎಂಟು ತಿಂಗಳಾಗಿದೆ. ಕೆಲಸ ಈಗಲೂ ಸೇತುವೆ ಕೆಳಗಿನ ಲಾಂಡ್ರಿಯಲ್ಲೇನಾ, ಅಮ್ಮಾ?"

"ಅಲ್ಲೇ," ಎಂದರು ಅತ್ತೆ. "ಬೇಗ ಮುದ್ರೆ ಒತ್ತಪ್ಪ, ಇವಳಿಗೆ ಅಂತ ಹೊಲಿಗೆ ಮಿಷನ್ ಮುಂದೆ ಕುರ್ಚಿ ಹಾಕಿಸಿಟ್ಟು ಬಂದಿದ್ದೀನಿ."